ನಾಲ್ಕನೇ ಗುಂಡಿ

ಓಝೆಲ್ಲಾ ಪ್ರೇಥರ್ ಸುಲಭಕ್ಕೆ ಅಳುವ ಹೆಂಗಸಲ್ಲ. ನಮ್ಮ ಓಕ್ಲೆಂಡಿನ ಬೀದಿಗಳಲ್ಲಿ ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿದವಳು. ಕುಡಿದು ಬಂದವರನ್ನು, ಜಗಳಕ್ಕೆ ಬಂದವರನ್ನು ಬಾಯಿ ತೆರೆಯದೆ, ಬರೀ ಕನ್ನಡಿಯಲ್ಲಿ ದುರುಗುಟ್ಟಿ ನೋಡಿಯೇ ಇಳಿಸುತ್ತಿದ್ದವಳು. ಅಂಥವಳು ಗೆಳತಿ ಲೂ ಬ್ರಾಡ್ನ್ಯಾಕ್ಸ್ ತೀರಿಕೊಂಡ ಸುದ್ದಿ ಕೇಳಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವನ್ನು ವಾಪಸು ಪಡೆಯುವ ಹಾಗಿದ್ದರೆ ನಾಲ್ಕೇ ದಿನದಲ್ಲಿ ಪಡೆದುಬಿಡುತ್ತಿದ್ದಳು.

ಅವಳ ಮನೆಯ ಹಿಂದಿನ ಕೋಣೆಯಲ್ಲಿ ಮಂಚವಿಲ್ಲ, ಕುರ್ಚಿಯಿಲ್ಲ. ಬಿಸಿಲು ಬೀಳದಂತೆ ಕಿಟಕಿಗೆ ದಪ್ಪ ಪರದೆ, ನುಸಿ ಹತ್ತದಂತೆ ಮೂಲೆಮೂಲೆಗೆ ದೇವದಾರು ಚಕ್ಕೆ. ಗೋಡೆಯಿಂದ ಗೋಡೆಗೆ ಬಿಗಿದ ಕಬ್ಬಿಣದ ಕೋಲುಗಳಲ್ಲಿ, ಹತ್ತಿ ತುಂಬಿದ ಹ್ಯಾಂಗರುಗಳ ಮೇಲೆ ಐವತ್ತರ ದಶಕದ ಹೆಂಗಸರ ಸೂಟುಗಳೂ ಕೋಟುಗಳೂ ಸಾಲುಗಟ್ಟಿ ನಿಂತಿದ್ದವು. ನಡುವಿಗೆ ಬಿಗಿದು ಕೆಳಗೆ ಕೊಡೆಯಂತೆ ಅರಳುವ ಕೋಟುಗಳು, ನರಿತುಪ್ಪಳದ ಕಾಲರಿನವು, ಮಣಿ ಕೂರಿಸಿದ ತೋಳಿನವು. ಹೆಚ್ಚಿನವು ಮಾರ್ಗೋ ಲೇನ್ ಎಂಬ ಹೆಸರಿನವು. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಆ ಹೊಲಿಗೆಮನೆ ಮುಚ್ಚಿ ಯಾವುದೋ ಕಾಲವಾಯಿತು.

"ಈ ಮನೇಲಿ ನಂಗಿಂತ ಬಟ್ಟೆಗಳಿಗೇ ಜಾಗ ಜಾಸ್ತಿ ಕಣೆ. ನಾನು ಸತ್ರೆ ನನ್ನೂ ಒಂದು ಹ್ಯಾಂಗರ್‌ಗೆ ನೇತುಹಾಕ್ಬಿಡು" ಎಂದು ಗಂಡ ಬದುಕಿದ್ದಾಗ ಗೊಣಗುತ್ತಿದ್ದ.

"ನಿನ್ನ ಭುಜ ಇಳಿಬಿದ್ದಿದೆ, ಹ್ಯಾಂಗರ್ ಮೇಲೆ ನಿಲ್ಲಲ್ಲ ನೀನು" ಎನ್ನುತ್ತಿದ್ದಳು ಓಝೆಲ್ಲಾ.

ಇಷ್ಟೆಲ್ಲ ವೈಭವದ ನಡುವೆ ಒಂದು ಹ್ಯಾಂಗರಿನಲ್ಲಿ ಬರೀ ಸ್ಕರ್ಟೊಂದು ತೂಗುತ್ತಿತ್ತು. ನೇರಳೆಹಣ್ಣಿನ ಬಣ್ಣದ ಉಣ್ಣೆಯ ಸ್ಕರ್ಟು. ಅದರ ಜಾಕೆಟ್ಟು ಇರಲಿಲ್ಲ. ನಿಜ ಹೇಳಬೇಕೆಂದರೆ ಕೋಣೆ ತುಂಬ ಇದ್ದ ಉಳಿದವೆಲ್ಲ ಆ ಒಂದು ಜಾಕೆಟ್ಟನ್ನು ಹುಡುಕುವಾಗ ದಾರಿಯಲ್ಲಿ ಸಿಕ್ಕವು, ಅಷ್ಟೆ.

ಆ ಸೂಟು ಅವಳ ತಾಯಿ ಕ್ಲೋತಿಲ್ಡಳದು. ಯುದ್ಧದ ಕಾಲದಲ್ಲಿ ಲೂಸಿಯಾನಾದಿಂದ ಬಂದು ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದವಳು ಕ್ಲೋತಿಲ್ಡ. ಯುದ್ಧ ಮುಗಿದಾಗ ಹೆಂಗಸರಿಗೆಲ್ಲ ಬಾಗಿಲು ತೋರಿಸಿದರು. ಗುಡ್ಡದ ಮೇಲಿನ ಶ್ರೀಮಂತರ ಮನೆಗಳಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಅಂಥ ದುಡಿಮೆಯಲ್ಲೇ ಕಂತು ಕಂತಾಗಿ ಕಟ್ಟಿ, ಒಂದು ಈಸ್ಟರ್ ಹಬ್ಬಕ್ಕೆ ಮಾರ್ಗೋ ಲೇನ್ ಸೂಟು ಬಿಡಿಸಿಕೊಂಡು ಬಂದಳು. ನಮ್ಮ ಬಣ್ಣದವರಿಗೆ ಆ ಅಂಗಡಿಯಲ್ಲಿ ಬಟ್ಟೆ ಮೈಗೆ ಹಾಕಿ ನೋಡಲು ಬಿಡುತ್ತಿರಲಿಲ್ಲ. ಬರೀ ಕಣ್ಣಳತೆಯಲ್ಲಿ ತಂದರೂ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಆ ಭಾನುವಾರ ಅವಳು ಚರ್ಚಿನ ನಡುದಾರಿಯಲ್ಲಿ ನಡೆದು ಬಂದಾಗ ಹಾಡುತ್ತಿದ್ದವರು ಒಂದು ಸಾಲು ಮರೆತರಂತೆ.

ಮುಂದೊಮ್ಮೆ ಬಸ್ಸಿನ ನೂಕುನುಗ್ಗಲಿನಲ್ಲಿ ಜಾಕೆಟ್ಟಿನ ಗುಂಡಿಯೊಂದು ಕಿತ್ತುಹೋಯಿತು. ಅದೇ ಬಟ್ಟೆ ಹೊದಿಸಿದ ಗುಂಡಿ, ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಕ್ಲೋತಿಲ್ಡ ಸ್ಕರ್ಟಿನ ಅಂಚಿನ ಒಳಮಡಿಕೆಯಿಂದ ಕಾಸಗಲ ಬಟ್ಟೆ ಕತ್ತರಿಸಿ ಹೊಸ ಗುಂಡಿಗೆ ಹೊದಿಸಿದಳು. ಅವಸರದಲ್ಲಿ ಎಳೆ ಅಡ್ಡಕ್ಕೆ ಬಿತ್ತು. ಬೆಳಕಿಗೆ ಹಿಡಿದರೆ ಅದೊಂದು ಗುಂಡಿ ಉಳಿದವಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಕಪ್ಪಾಗಿ ಕಾಣುತ್ತಿತ್ತು.

ಕ್ಲೋತಿಲ್ಡ ಸತ್ತಾಗ ನಮ್ಮ ರೂಢಿಯಂತೆ ಚರ್ಚಿನಲ್ಲಿ ಒಬ್ಬರನ್ನೊಬ್ಬರು 'ಸಿಸ್ಟರ್' ಎಂದು ಕರೆಯುವ ಹೆಂಗಸರೆಲ್ಲ ಬಂದರು. ಕೋಳಿ ಹುರಿದರು, ಪಾತ್ರೆ ಬೆಳಗಿದರು, ತೀರಿಕೊಂಡವಳ ಬಟ್ಟೆಗಳನ್ನು ಮಡಿಸಿ ಬಡವರಿಗೆಂದು ಗಂಟು ಕಟ್ಟಿದರು. ದುಃಖದಲ್ಲಿರುವ ಮಗಳು ಅದನ್ನೆಲ್ಲ ಮುಟ್ಟಬಾರದು. ವಾರ ಕಳೆದು ನೋಡಿದರೆ ಸ್ಕರ್ಟು ಇದೆ, ಜಾಕೆಟ್ಟಿಲ್ಲ. ಗಂಟಿನಲ್ಲಿ ಹೋಗಿರಬೇಕು ಅಂದರು ಎಲ್ಲರೂ. ಆ ಗಂಟುಗಳನ್ನು ಕಟ್ಟಿದವರಲ್ಲಿ ಲೂ ಕೂಡ ಒಬ್ಬಳು. ಓಝೆಲ್ಲಾಳನ್ನು ತಬ್ಬಿಕೊಂಡು ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ.

"ಹುಡುಕೋಣ ಬಿಡೇ ಝೆಲ್ಲಾ. ರೆಕ್ಕೆ ಬಂದು ಹಾರಿಹೋಗುತ್ತಾ ಜಾಕೆಟ್ಟು? ನಾನಿಲ್ವಾ ನಿಂಜೊತೆ?"

ಇದ್ದಳು. ಅದನ್ನು ಇಲ್ಲವೆನ್ನುವಂತಿಲ್ಲ. ಅಂದಿನಿಂದ ಪ್ರತಿ ಶನಿವಾರ ನಸುಕಿನಲ್ಲಿ ಇಬ್ಬರೂ ಯಾರೋ ಸತ್ತವರ ಮನೆಯ ಮುಂದೆ ಹಾಜರು. ಇಲ್ಲಿ ಯಾರಾದರೂ ಸತ್ತರೆ ಮನೆಯವರು ಅವರ ಬಟ್ಟೆಬರೆ, ಸಾಮಾನು ಮಾರಿಬಿಡುತ್ತಾರೆ; ಆ ದಿನ ಬಾಗಿಲಿಗೆ ನಂಬರಿನ ಚೀಟಿ ಅಂಟಿಸಿರುತ್ತಾರೆ. ಮೊದಲು ಬಂದವರು ಮೊದಲ ಚೀಟಿ ಹರಿದುಕೊಂಡು ಚಳಿಯಲ್ಲಿ ಕಾಯಬೇಕು. ಲೂ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು, ಸಾಲಿನಲ್ಲಿ ನಿಂತ ಹಳೇ ಸಾಮಾನಿನ ದಲ್ಲಾಳಿಗಳನ್ನು ಆಡಿಕೊಂಡು ನಗಿಸುತ್ತಿದ್ದಳು. ಬಾಗಿಲು ತೆರೆದೊಡನೆ ಓಝೆಲ್ಲಾ ಮೇಲಿನ ಬೀರುಗಳಿಗೆ, ಲೂ ನೆಲಮಾಳಿಗೆಯ ಪೆಟ್ಟಿಗೆಗಳಿಗೆ. ಬಟ್ಟೆಯ ಭುಜದ ಮೇಲೆ ಮೊದಲು ಕೈಯಿಟ್ಟವರದು ಆ ಬಟ್ಟೆ. ಆಮೇಲೆ ಇನ್ನೊಬ್ಬಳು ತುಟಿಪಿಟಕ್ಕೆನ್ನುವ ಹಾಗಿಲ್ಲ. ಇದು ಅವರ ಕಾನೂನು. ಈ ಕಾನೂನು ಅವರ ನಡುವೆ ಒಂದು ದಿನವೂ ಮುರಿಯಲಿಲ್ಲ ಎಂದು ಓಝೆಲ್ಲಾ ಹೆಮ್ಮೆಪಡುತ್ತಿದ್ದಳು.

ಒಮ್ಮೆ ಗುಡ್ಡದ ಮೇಲಿನ ಮನೆಯೊಂದರಲ್ಲಿ ಬೀರು ತೆರೆದರೆ ಎದುರಿಗೇ ನೇರಳೆಬಣ್ಣದ ಜಾಕೆಟ್ಟು! ಅದೇ ಕಾಲರು, ಅದೇ ಹೆಸರು. ಓಝೆಲ್ಲಾ ತಟ್ಟನೆ ಅದರ ಭುಜದ ಮೇಲೆ ಕೈಯಿಟ್ಟಳು. ಆಗಷ್ಟೇ ಮೆಟ್ಟಿಲು ಹತ್ತಿ ಬಂದ ಲೂ ಬಾಗಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿದಳು.

"ಅದಲ್ಲ ಕಣೆ. ನಾಲ್ಕನೇ ಗುಂಡಿ ನೋಡು. ಎಲ್ಲಾ ಒಂದೇ ಬಣ್ಣ ಇದೆ."

ಹೌದು, ಎಲ್ಲ ಒಂದೇ ಬಣ್ಣವಿತ್ತು. ಓಝೆಲ್ಲಾಳ ಕಣ್ಣು ತುಂಬಿತು. ಯಾವ ಗುಂಡಿ ಎಂಬುದು ಸ್ವಂತ ಮಗಳಾದ ತನಗೇ ಸರಿಯಾಗಿ ನೆನಪಿಲ್ಲ, ಇವಳು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ! ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದುಕೊಂಡಳು. ಅಂದಿನಿಂದ ತಾನೂ ಎಲ್ಲರಿಗೂ 'ನಾಲ್ಕನೇ ಗುಂಡಿ' ಎಂದೇ ಹೇಳತೊಡಗಿದಳು.

ಲೂ ಸತ್ತ ಮೂರನೆಯ ದಿನ ಅವಳ ಮಗಳು ಜೆರಿಲಿನ್ ಫೋನು ಮಾಡಿದಳು.

"ಆಂಟಿ, ಅಮ್ಮ ಪೆಟ್ಟಿಗೆ ಮುಚ್ಚೇ ಇರ್ಬೇಕು ಅಂತ ಹೇಳಿ ಹೋಗಿದಾಳೆ. ಯಾರಿಗೂ ಮುಖ ತೋರಿಸ್ಬಾರ್ದಂತೆ."

ನಮ್ಮ ಚರ್ಚಿನಲ್ಲಿ ಸತ್ತವರನ್ನು ಕಣ್ತುಂಬ ನೋಡದೆ ಕಳಿಸುವುದು ಕೇಳಿಲ್ಲ, ಕಂಡಿಲ್ಲ. ಮುಚ್ಚಿದ ಪೆಟ್ಟಿಗೆ ಕಂಡರೆ ಮಂದಿ ಏನೇನೋ ಮಾತಾಡುತ್ತಾರೆ. ಆದರೂ ಓಝೆಲ್ಲಾ ಗೆಳತಿಯ ಪರವೇ ನಿಂತಳು. "ಕಾಯಿಲೆಲಿ ಸೊರಗಿಹೋಗಿದ್ಲಲ್ಲಮ್ಮ. ಜಂಬದವಳು ನಿಮ್ಮಮ್ಮ. ಬಿಡು, ಅವಳಿಷ್ಟ."

"ಊರಿಗೆಲ್ಲ ಮುಚ್ಚಿದ್ರೂ ನಿಮಗೆ ಮುಚ್ಚಕ್ಕಾಗುತ್ತಾ ಆಂಟಿ? ನಾಳೆ ಬೇಗ ಬಂದ್ಬಿಡಿ. ಕಾಲರು, ಹ್ಯಾಟು ಎಲ್ಲ ನೀವೇ ಸರಿ ಮಾಡ್ಬೇಕು. ಇನ್ಯಾರು ಮಾಡಿದ್ರೂ ಅಮ್ಮಂಗೆ ಒಪ್ಪಿಗೆ ಆಗಲ್ಲ."

ಪಾಪದ ಹುಡುಗಿ, ಪ್ರೀತಿಯಿಂದ ಕರೆದಳು.

ಮರುದಿನ ಬೆಳಿಗ್ಗೆ ಶವ ಸಿಂಗರಿಸುವ ಪೆಟ್ಟವೇ ಎಂಬಾತ, ಅವನೂ ನಮ್ಮ ಚರ್ಚಿನವನೇ, ಪೆಟ್ಟಿಗೆಯ ಮೇಲರ್ಧದ ಮುಚ್ಚಳ ಎತ್ತಿ ಪಕ್ಕಕ್ಕೆ ಸರಿದು ನಿಂತ. ಓಝೆಲ್ಲಾ ಮೊದಲು ನೋಡಿದ್ದು ಮುಖವನ್ನಲ್ಲ. ಬಟ್ಟೆಯನ್ನೇ ಮೊದಲು ನೋಡುವುದು ಅವಳ ಹಾಳು ಅಭ್ಯಾಸ.

ನೇರಳೆಹಣ್ಣಿನ ಬಣ್ಣ. ಮಾರ್ಗೋ ಲೇನ್ ಕಾಲರು. ಎದೆಯ ಮೇಲೆ ಸಾಲಾಗಿ ಗುಂಡಿಗಳು. ಮೇಲಿನಿಂದ ನಾಲ್ಕನೆಯದು ಒಂದು ಗುಲಗಂಜಿಯಷ್ಟು ಹೆಚ್ಚು ಕಪ್ಪು.

"ಚೆನ್ನಾಗಿ ಕಾಣ್ತಾಳಲ್ವಾ ಆಂಟಿ? ಇದಕ್ಕೆ ಸ್ಕರ್ಟ್ ಇಲ್ಲ. ಸೊಂಟದ ಕೆಳಗೆ ಯಾರು ನೋಡ್ತಾರೆ, ಇದೇ ಹಾಕು ಅಂದ್ಲು" ಎಂದಳು ಜೆರಿಲಿನ್.

"ಎಲ್ಲಿತ್ತಮ್ಮಾ ಇದು?" ಎಂದು ಕೇಳಿದ ದನಿ ಓಝೆಲ್ಲಾಳಿಗೇ ಬೇರೆ ಯಾರದೋ ಎನಿಸಿತು.

"ಅಮ್ಮನ ಬೀರು ಹಿಂದೆ, ಚೀಲದೊಳಗೆ. ನಾನು ಸ್ಕೂಲಿಗೆ ಹೋಗೋ ಕಾಲದಿಂದ್ಲೂ ಇದೆ. ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ಲು. ಹೊರಗೆ ಹಾಕ್ಕೊಂಡು ಹೋಗಿದ್ದು ನಾನಂತೂ ನೋಡಿಲ್ಲ. ಬಾಗಿಲು ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೊತಿದ್ಲು ಅಷ್ಟೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇಲ್ಲಿ ಕೂಸು ಇದ್ದದ್ದು ಪಕ್ಕದವಳ ಕಂಕುಳಲ್ಲಿ, ಹುಡುಕಿದ್ದು ಇವಳು. ಒಂದೆರಡು ಶನಿವಾರವಲ್ಲ, ಹರೆಯದಿಂದ ಮುಪ್ಪಿನವರೆಗಿನ ಶನಿವಾರಗಳು. ಚಳಿಯಲ್ಲಿ ನಿಂತು ಕಾಫಿ ಬಗ್ಗಿಸಿಕೊಡುತ್ತ, ಜಾಕೆಟ್ಟು ಸಿಗದ ದಿನ ಬೆನ್ನು ಸವರುತ್ತ, ಸಂಜೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅದನ್ನೇ ತೊಟ್ಟು ಕನ್ನಡಿ ನೋಡುತ್ತಿದ್ದಳಲ್ಲ, ಎಂಥ ಎದೆಗಾರಿಕೆ! ನಾಲ್ಕನೇ ಗುಂಡಿ ಎಂದು ಬಾಗಿಲಿನಿಂದಲೇ ಹೇಳಿದ್ದು ನೆನಪಿನ ಬಲದಿಂದಲ್ಲ. ಹಿಂದಿನ ರಾತ್ರಿಯಷ್ಟೇ ಆ ಗುಂಡಿ ಹಾಕಿ ಬಿಚ್ಚಿರಬೇಕು. ಉಂಡ ಮನೆಗೆ ಕನ್ನ ಹಾಕುವವರಿದ್ದಾರೆ. ಸಾವಿನ ಮನೆಯಲ್ಲಿ ಅತ್ತು, ಉಂಡು, ಕನ್ನ ಹಾಕಿದವಳು ಇವಳೊಬ್ಬಳೇ.

"ಇದು ನಮ್ಮಮ್ಮಂದು, ಜೆರಿಲಿನ್" ಎಂದಳು.

ಆ ಸ್ಕರ್ಟಿನ ಕತೆಯನ್ನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿ ಬೆಳೆದ ಹುಡುಗಿ ಜೆರಿಲಿನ್; ಆದರೆ ಆ ಕತೆಗೂ ಹೆತ್ತವಳ ಬೀರುವಿಗೂ ನಂಟಿದ್ದೀತೆಂದು ಅವಳಿಗೆ ಹೊಳೆದಿರಲೇ ಇಲ್ಲ. ಈಗ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಗುಂಡಿ ನೋಡಿದಳು, ಆಂಟಿಯ ಮುಖ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು.

"ತೆಗೀರಿ ಮಿಸ್ಟರ್ ಪೆಟ್ಟವೇ. ಈಗ್ಲೇ ಬಿಚ್ಚಿ ಆಂಟಿ ಕೈಗೆ ಕೊಡಿ. ನಮ್ಮಮ್ಮ ರಾತ್ರಿ ಬಟ್ಟೇಲೇ ಹೋಗ್ಲಿ!"

ಪೆಟ್ಟವೇ ಕೆಮ್ಮಿದ, ನೆಲ ನೋಡಿದ. "ಹಿಂದುಗಡೆ ಏನೂ ಉಳಿದಿಲ್ಲ ಸಿಸ್ಟರ್ ಪ್ರೇಥರ್. ಕಾಲರ್‌ನಿಂದ ತಳದವರೆಗೆ ಸೀಳಿದೀನಿ. ತೊಡಿಸೋದೇ ಹಾಗಲ್ವಾ, ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಸೆಟೆದ ಮೈಗೆ ತೋಳು ತೂರಿಸಲಾಗುವುದಿಲ್ಲವೆಂದು ಬೆನ್ನು ಸೀಳಿ ಮುಂದಿನಿಂದ ಹೊದಿಸಿ ಸಿಕ್ಕಿಸುತ್ತಾರೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಲೂಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. "ಮುಂದೆ ರಾಣಿ, ಹಿಂದೆ ಬೆತ್ತಲೆ" ಎಂದು ಪ್ರತಿ ಸಾವಿನಲ್ಲೂ ಓಝೆಲ್ಲಾಳ ಕಿವಿಯಲ್ಲಿ ಪಿಸುಗುಟ್ಟಿ ನಗಿಸುತ್ತಿದ್ದವಳು ಅವಳೇ. ಗೊತ್ತಿದ್ದೂ ಈ ಜಾಕೆಟ್ಟನ್ನೇ ಹಾಕಿ ಎಂದಳು. ಕದ್ದದ್ದನ್ನಾದರೂ ಒಂದು ಪಕ್ಷ ಕ್ಷಮಿಸಬಹುದಿತ್ತೇನೋ. ಬದುಕಿರುವಾಗ ಹೇಳಲು ನಾಚಿಕೆಯಾಗಿದ್ದರೆ, ಸತ್ತ ಮೇಲೆ ಮನೆ ಬಾಗಿಲಲ್ಲಿ ಬಿಟ್ಟು ಹೋಗು ಎಂದು ಮಗಳಿಗೆ ಹೇಳಬಹುದಿತ್ತು. ಸ್ಕರ್ಟು ಇಷ್ಟು ವರ್ಷ ಕಾದದ್ದಕ್ಕೆ ಒಂದು ಅರ್ಥವಿರುತ್ತಿತ್ತು. ಅದನ್ನೂ ಬಿಡದೆ, ಕತ್ತರಿ ಹಾಕಿಸಿ ಮಣ್ಣಿಗೆ ಹೊತ್ತುಕೊಂಡು ಹೊರಟಿದ್ದಾಳೆ.

ಓಝೆಲ್ಲಾ ಕೈಚೀಲಕ್ಕೆ ಕೈ ಹಾಕಿದಳು. ಶನಿವಾರಗಳಿಗೆಂದೇ ಇಟ್ಟುಕೊಂಡ ಪುಟ್ಟ ಮಡಚು ಕತ್ತರಿ ಅದರಲ್ಲಿತ್ತು. ಬಾಗಿ, ಗೆಳತಿಯ ತಣ್ಣಗಿನ ಕೈಯನ್ನು ಪಕ್ಕಕ್ಕೆ ಸರಿಸಿ, ನಾಲ್ಕನೇ ಗುಂಡಿಯ ದಾರ ಕತ್ತರಿಸಿದಳು.

"ಅಲ್ಲಿ ಬಾಯಿ ಬಿಟ್ಕೊಳ್ಳುತ್ತೆ, ಕಾಣುತ್ತೆ" ಎಂದ ಪೆಟ್ಟವೇ.

"ಮುಚ್ಚಳ ಮುಚ್ಚೋದೇ ಅಲ್ವಾ? ಮುಚ್ಚಿ. ಅವಳ ಆಸೆನೂ ಅದೇ."

ಕಾಲರನ್ನು ಮಾತ್ರ ಸರಿ ಮಾಡಲಿಲ್ಲ.

ಚರ್ಚು ಕಿಕ್ಕಿರಿದಿತ್ತು. ಮುಚ್ಚಿದ ಪೆಟ್ಟಿಗೆ ಕಂಡು ಗುಸುಗುಸು ಎದ್ದಿತ್ತು. ಗೆಳತಿಯ ಪರವಾಗಿ ಎರಡು ಮಾತು ಎಂದು ರೆವರೆಂಡ್ ಟಾಲಿವರ್ ಕರೆದಾಗ ಓಝೆಲ್ಲಾ ಎದ್ದು ಹೋದಳು. ಹೇಳಬೇಕೆಂದು ಮೂರು ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳು ಒಂದೂ ಉಳಿದಿರಲಿಲ್ಲ. ಮುಷ್ಟಿಯೊಳಗೆ ಗುಂಡಿ ಅಂಗೈಗೆ ಒತ್ತುತ್ತಿತ್ತು. ಮುಂದಿನ ಸಾಲಿನಲ್ಲಿ ಜೆರಿಲಿನ್ ಕೂತಿದ್ದಳು, ಬೇಡ ಎನ್ನುವಂತೆಯೂ ಹೇಳಿಬಿಡಿ ಎನ್ನುವಂತೆಯೂ ನೋಡುತ್ತ.

"ನಂಗೂ ಲೂಗೂ ಒಂದು ಕಾನೂನಿತ್ತು, ನಿಮಗೆಲ್ಲ ಗೊತ್ತು" ಎಂದಳು ಓಝೆಲ್ಲಾ. "ಭುಜದ ಮೇಲೆ ಮೊದಲು ಕೈ ಇಟ್ಟೋರಿಗೆ ಬಟ್ಟೆ. ಲೂ ಒಂದ್ಸಲ ಕೈ ಇಟ್ಲು ಅಂದ್ರೆ ಮುಗೀತು. ಯಾರದ್ದೇ ಆಗ್ಲಿ, ಸಾಯೋತನಕ ಬಿಡ್ತಿರ್ಲಿಲ್ಲ. ಸತ್ತ ಮೇಲೂ ಬಿಟ್ಟಿಲ್ಲ."

"ಆಮೆನ್!" ಎಂದು ಇಡೀ ಚರ್ಚು ಚಪ್ಪಾಳೆ ತಟ್ಟಿ ನಕ್ಕಿತು. "ನಮ್ಮ ಲೂ ಅಂದ್ರೆ ಹಾಗೇನೇ!" ಎಂದು ಹಿಂದಿನಿಂದ ಯಾರೋ ಕಣ್ಣೊರೆಸಿಕೊಳ್ಳುತ್ತ ಕೂಗಿದರು. ತಲೆ ತಗ್ಗಿಸಿದ್ದವಳು ಜೆರಿಲಿನ್ ಒಬ್ಬಳೇ.

ಮನೆಗೆ ಬಂದು ಓಝೆಲ್ಲಾ ಹಿಂದಿನ ಕೋಣೆಯ ದೀಪ ಹಾಕಿದಳು. ಸ್ಕರ್ಟಿನ ಅಂಚು ತಿರುವಿ, ತಾಯಿ ಕತ್ತರಿಸಿದ ಕಾಸಗಲದ ಜಾಗದಲ್ಲಿ ಗುಂಡಿಯಿಟ್ಟು ನೋಡಿದಳು. ಬಣ್ಣಕ್ಕೆ ಬಣ್ಣ ಕೂಡಿತು. ಈಗ ತಾಯಿಗಾಗಿ ಒಂದಿಷ್ಟು ಅಳಬೇಕು ಅನಿಸಿತು. ಬಹಳ ಹೊತ್ತು ನಿಂತಳು, ಅಳು ಬರಲಿಲ್ಲ. ಇದ್ದದ್ದನ್ನೆಲ್ಲ ಅಡುಗೆಮನೆಯ ನೆಲದ ಮೇಲೆ ಆ ಲೂಗೆ ಸುರಿದಾಗಿತ್ತು.