ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ಟು

ನಂಬಬೇಡಿ. ನಂಬಿ ಅಂತ ನಾನೇನೂ ಕಾಲು ಹಿಡಿಯುವುದಿಲ್ಲ. ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಬೋಲ್ಟಿನ ಅಳತೆ ಹೇಳುತ್ತೇನೆ ಅಂದಾಗ ನಂಬದೆ ಪಂದ್ಯ ಕಟ್ಟಿದವರೆಲ್ಲ ನನಗೆ ಕಾಫಿ ಕುಡಿಸಿದ್ದಾರೆ. ಇಲ್ಲಿ ಹೇಳುವುದರಲ್ಲೂ ಒಂದು ಸುಳ್ಳಿದೆ. ಒಂದೇ ಒಂದು. ತಾಕತ್ತಿದ್ದರೆ ಹಿಡಿಯಿರಿ.

ರಿಟೈರ್ ಆದ ಮೇಲೆ ಕಗ್ಗದಾಸಪುರದ ಮನೆಯಲ್ಲಿ ನನ್ನನ್ನು ಸಹಿಸುವವರಿರಲಿಲ್ಲ. ತಿಂಡಿ ತಟ್ಟೆ ಎತ್ತುತ್ತಲೇ ಹೆಂಡತಿ, "ಹೋಗ್ರೀ, ಶಿವಾಜಿನಗರಕ್ಕೆ ಹೋಗಿ ನಿಮ್ಮ ಭಾಯ್ ತಲೆ ತಿನ್ಹೋಗಿ" ಎನ್ನುತ್ತಿದ್ದಳು. ಭಾಯ್ ಅಂದರೆ ನನ್ನ ಹಳೆಯ ಗೆಳೆಯ. ಅಪ್ಪನ ಕಾಲದಿಂದ ಬಂದ ನಟ್ಟು ಬೋಲ್ಟಿನ ಅಂಗಡಿ ಅವನದು. ಅಲ್ಲಿ ಮೂಲೆಯ ಸ್ಟೂಲು ನನ್ನದು.

ಆ ಸ್ಟೂಲಿನ ಮೇಲೆ ಕೂತು ನಾನೊಂದು ಆಟ ಕಟ್ಟಿದ್ದೆ. ಅಸಲಿ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ ಅಂತ ಪಾತ್ರೆ ಅಂಗಡಿಯಿಂದ ಹಿಡಿದು ಫ್ಯಾಕ್ಟರಿಯವರೆಗೆ ಎಲ್ಲರೂ ನಂಬಿದ್ದಾರೆ. ಅರ್ಧ ಸತ್ಯ. ತಣ್ಣಗಿರುವಾಗಲೇ ಒತ್ತಿ ಥ್ರೆಡ್ಡಿನ ಸುತ್ತು ಕೂರಿಸಿದ ಒಳ್ಳೆಯ ಬೋಲ್ಟೂ ಮ್ಯಾಗ್ನೆಟ್ಟನ್ನು ಚೂರು ಎಳೆಯುತ್ತದೆ. ಕಳಪೆ ಸ್ಟೀಲು ಒಮ್ಮೊಮ್ಮೆ ಎಳೆಯುವುದೇ ಇಲ್ಲ. ನಾನು ದಾರಕ್ಕೆ ಕಟ್ಟಿದ ಪುಟ್ಟ ಮ್ಯಾಗ್ನೆಟ್ಟನ್ನು ಗಿರಾಕಿಯ ಮುಂದೆ ಇಳಿಬಿಡುತ್ತಿದ್ದೆ. ಅದು ಬೋಲ್ಟಿನ ಕಡೆ ಕೊಂಚ ವಾಲಿದ್ದೇ ತಡ, "ಅಯ್ಯಯ್ಯೋ, ಡೂಪ್ಲಿಕೇಟು!" ಎಂದು ಎದೆ ಹಿಡಿದುಕೊಳ್ಳುತ್ತಿದ್ದೆ. ಗಿರಾಕಿಯ ಮುಖ ಬಿಳಿಚಿಕೊಂಡ ಮೇಲೆ ಭಾಯ್ ಸ್ಪ್ಯಾನರಿನಿಂದ ಮೇಜು ಕುಟ್ಟಿ, "ಬಸ್ ಕರೋ ಯಾರ್! ಇವ್ನ ಮಾತು ಕೇಳ್ಬೇಡಿ ಸಾರ್, ಇವ್ನೇ ಡೂಪ್ಲಿಕೇಟು" ಎಂದು ನಿಜ ಬಿಡಿಸಿ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ಆಟ ಶುರು ಮಾಡುವವನು ನಾನು, ಮುಗಿಸುವವನು ಅವನು. ಇದು ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

ಹೋದ ವರ್ಷ ಒಂದು ಶುಕ್ರವಾರ ಮಧ್ಯಾಹ್ನ ಮೊದಲೇ ಫೋನ್ ಮಾಡಿ ಒಬ್ಬಳು ಹುಡುಗಿ ಬಂದಳು. ಕೆ.ಆರ್. ಪುರದ ಆಚೆ ಒಂದು ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ ಮೆಷಿನ್ನುಗಳ ಉಸ್ತುವಾರಿ. ಹೊಸ ಕೆಲಸ, ಇನ್ನೂ ಪರ್ಮನೆಂಟ್ ಆಗಿರಲಿಲ್ಲ.

"ಉಪ್ಪುನೀರು, ವಿನೆಗರ್ ಕುದಿಸೋ ಪಾತ್ರೆ ಭಾಯ್. ಒಳಗೆ ಪ್ರೆಶರ್ ಇರತ್ತೆ. ಮುಚ್ಚಳದ ಬೋಲ್ಟು ಒಂದು ತಲೆ ಹಾರಿಹೋಯ್ತು. ಮಾವಿನಕಾಯಿ ಹೆಚ್ಚೋ ಹೆಂಗಸರು ಪಕ್ಕದಲ್ಲೇ ಕೂತಿದ್ರು. ಸ್ವಲ್ಪದ್ರಲ್ಲಿ ತಪ್ತು."

"ತೊಳೆಯೋದು ಯಾವ್ದ್ರಲ್ಲಮ್ಮಾ?"

"ಬ್ಲೀಚಿಂಗ್ ನೀರಲ್ಲಿ."

"ಹಂಗಾದ್ರೆ ತ್ರೀ ನಾಟ್ ಫೋರ್ ನಂಬರಿನ ಸ್ಟೀಲು ಬ್ಯಾಡ. ಉಪ್ಪು, ಬಿಸಿ, ಬ್ಲೀಚಿಂಗ್ ಮೂರೂ ಸೇರಿದ್ರೆ ಅದು ತಡೆಯಲ್ಲ. ತ್ರೀ ಸಿಕ್ಸ್‌ಟೀನ್ ತಗೊಳ್ಳಿ, ನಟ್ಟು ವಾಷರ್ ಕೂಡ ಅದ್ರಲ್ಲೇ." ಭಾಯ್ ಬೋಲ್ಟಿನ ತಲೆಯ ಮೇಲಿನ ಗುರುತು ತೋರಿಸಿ ಪೊಟ್ಟಣ ಕಟ್ಟಿಟ್ಟ. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಟೋಪಿ ಹಾಕಿಕೊಂಡು ಹೊರಡುತ್ತ ನನಗೆ ಹೇಳಿದ: "ಬಿಲ್ ಹಾಕ್ಕೊಡು. ಪೇಸ್ಟ್ ಹಚ್ಚಿ ನಿಧಾನಕ್ಕೆ ಬಿಗೀಬೇಕು, ಇಲ್ದಿದ್ರೆ ಸ್ಟೀಲಿಗೆ ಸ್ಟೀಲು ಕಚ್ಕೊಂಬಿಡತ್ತೆ ಅಂತ ಮರೀದೆ ಹೇಳು."

ನಾನು ಬಿಲ್ಲೂ ಹಾಕಲಿಲ್ಲ, ಪೇಸ್ಟಿನ ಮಾತೂ ಎತ್ತಲಿಲ್ಲ. ಜೇಬಿನಿಂದ ದಾರ ತೆಗೆದೆ.

"ಅಂಕಲ್, ಇದೇನು ಎಳೀತಿದೆ?"

"ಎಳೀತಿದ್ಯಾ? ನಾನ್ ಏನೂ ಹೇಳಲ್ಲಮ್ಮಾ. ಅವ್ನು ನನ್ನ ಫ್ರೆಂಡು" ಎಂದು ಮುಖ ಸಣ್ಣಗೆ ಮಾಡಿದೆ. ಏನು ನಟನೆ ಅಂತೀರಿ! ಭಾಯ್ ಬರುವವರೆಗೆ ಎಳೆದು ಆಮೇಲೆ ನಗಿಸೋಣ ಅಂತ ನನ್ನ ಲೆಕ್ಕ.

ಅವಳು ಪೊಟ್ಟಣ ಹಿಂದಕ್ಕೆ ತಳ್ಳಿದಳು. "ಭಾಯ್ ಅಷ್ಟು ಚೆನ್ನಾಗ್ ಮಾತಾಡಿ ಹಿಂಗ್ ಮಾಡೋದಾ? ಒಳ್ಳೇ ಟೈಮಲ್ಲಿ ಹೇಳಿದ್ರಿ ಅಂಕಲ್. ಇದು ನನ್ ಹತ್ರ ಇರ್ಲಿ, ಬೇರೆ ಕಡೆ ಚೆಕ್ ಮಾಡಿ ತಗೋತೀನಿ." ಮ್ಯಾಗ್ನೆಟ್ಟನ್ನು ದಾರದ ಸಮೇತ ಎತ್ತಿಕೊಂಡು ಹೋದಳು. ಮುಂದಿನ ಅಂಗಡಿಯವನು ನಿಜ ಹೇಳುತ್ತಾನೆ, ವಾಪಸ್ ಬಂದು ಬೈಯುತ್ತಾಳೆ ಎಂದುಕೊಂಡು ಸ್ಟೂಲಿನ ಮೇಲೆ ಒಬ್ಬನೇ ನಕ್ಕೆ. ಅವಳು ಬರಲಿಲ್ಲ.

ಬಂದವನು ಭಾಯ್. ಪೊಟ್ಟಣ ನೋಡಿದ, ನನ್ನನ್ನು ನೋಡಿದ, ಫೋನ್ ಹಚ್ಚಿದ. ಆಚೆಯಿಂದ ಅವಳ ದನಿ ನನಗೂ ಕೇಳಿಸಿತು: "ಮ್ಯಾಗ್ನೆಟ್ಟಿಗೆ ಹಿಡಿಯೋ ಮಾಲು ಕೊಟ್ಟು ಮಾತು ಬೇರೆ ಆಡ್ತೀರಾ? ನಮ್ ಮ್ಯಾನೇಜರ್‌ಗೂ ಹೇಳಿದ್ದೀನಿ. ಒಂಚೂರೂ ಹಿಡೀದೇ ಇರೋದನ್ನ ಬೇರೆ ಕಡೆ ತಗೊಂಡಾಯ್ತು. ಇನ್ನೊಂದ್ಸಲ ಫೋನ್ ಮಾಡ್ಬೇಡಿ."

ಒಂಚೂರೂ ಹಿಡಿಯದ್ದು! ಇಬ್ಬರಿಗೂ ಅರ್ಥವಾಯಿತು. ಟೂ ನಾಟ್ ಟೂ. ಅಗ್ಗದ ಸ್ಟೀಲು. ಮೆಟ್ಟಿಲ ಕಂಬಿಗೆ ಸರಿ, ಉಪ್ಪುನೀರಿಗಲ್ಲ. ಅದು ಇವತ್ತೇ ಮುರಿಯುವುದಿಲ್ಲ. ಒಳಗೊಳಗೇ ತಿಂದು ಹೋಗಿ ಒಂದು ದಿನ ಹೇಳದೆ ಕೇಳದೆ ತಲೆ ಹಾರುತ್ತದೆ. ಪಕ್ಕದಲ್ಲಿ ಮಾವಿನಕಾಯಿ ಹೆಚ್ಚುವ ಹೆಂಗಸರು.

ಭಾಯ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮಪ್ಪನ ಕಾಲ್ದಿಂದ ಈ ಅಂಗಡೀಗೆ ಯಾರೂ ಚೋರ್ ಅಂದಿಲ್ಲ ಯಾರ್" ಎಂದಷ್ಟೇ ಹೇಳಿ, ಪೊಟ್ಟಣವನ್ನೂ ಪೇಸ್ಟಿನ ಡಬ್ಬಿಯನ್ನೂ ಸ್ಟೀಲು ಪರೀಕ್ಷೆಯ ಪುಟ್ಟ ಬಾಟಲಿಯನ್ನೂ ಅದರ ಬ್ಯಾಟರಿಯನ್ನೂ ನನ್ನ ಮಡಿಲಿಗಿಟ್ಟ. "ನಾನ್ ಹೋದ್ರೆ ಕಳ್ಳ ಬಂದ ಅಂತಾರೆ. ನೀನ್ ಹೋಗು."

ಆಟೋ ಹಲಸೂರು ದಾಟುವಾಗಲೇ ನನ್ನ ಕುತಂತ್ರದ ತಲೆ ಓಡತೊಡಗಿತು. 'ಪೊಟ್ಟಣ ಅದಲು ಬದಲಾಗಿತ್ತಮ್ಮಾ' ಅಂದರೆ ಮುಗಿಯಿತಲ್ಲ? ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ ಜಾಮಿನಲ್ಲಿ ಕೂತು ಆ ಸುಳ್ಳನ್ನು ಚೆನ್ನಾಗಿ ಪಾಲಿಶ್ ಮಾಡಿದೆ. ಅದರಲ್ಲಿ ನನ್ನ ಮಾನ ಉಳಿಯುತ್ತಿತ್ತು. ಭಾಯ್ ಕಳ್ಳನಲ್ಲದಿದ್ದರೂ ಅಡ್ಡಾದಿಡ್ಡಿ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದ.

ಫ್ಯಾಕ್ಟರಿಯೊಳಗೆ ಹೋದಾಗ ಬೋಲ್ಟುಗಳನ್ನು ಆಗಲೇ ಬಿಗಿದಾಗಿತ್ತು. ಇನ್ನೇನು ಸ್ಟೀಮ್ ಬಿಡುವವರಿದ್ದರು. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದ. ಅವಳು ಖುಷಿಯಿಂದ, "ಸಾರ್, ನಾನ್ ಹೇಳಿದ್ನಲ್ಲ, ಇವ್ರೇ ಆ ಅಂಕಲ್! ಕಳ್ಳಮಾಲು ಹಿಡ್ಕೊಟ್ಟೋರು" ಎಂದಳು. ಮಾವಿನಕಾಯಿ ಹೆಚ್ಚುತ್ತಿದ್ದ ಹೆಂಗಸರು ಕತ್ತೆತ್ತಿ ನನ್ನನ್ನು ಗೌರವದಿಂದ ನೋಡಿದರು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಕಳ್ಳಮಾಲಲ್ಲಮ್ಮಾ. ತಮಾಷೆ ಮಾಡ್ದೆ."

"ಏನಂದ್ರಿ?"

"ಭಾಯ್ ಕೊಟ್ಟಿದ್ದೇ ಸರಿ. ಈಗ ಹಾಕಿರೋದು ಉಪ್ಪಿಗೆ ಬಾಳಲ್ಲ. ನಾನು ಸುಮ್ನೆ ನಗ್ಸೋಕೆ..."

ಅವಳು ಕೊಂಡು ತಂದದ್ದರಲ್ಲಿ ಮಿಕ್ಕಿದ್ದ ಒಂದು ಬೋಲ್ಟಿನ ಮೇಲೆ ಬಾಟಲಿಯ ಹನಿ ಬಿಟ್ಟು ಬ್ಯಾಟರಿ ತಾಗಿಸಿದೆ. ಕೆಂಪಗಾಯಿತು, ಅಂದರೆ ಅಗ್ಗದ ಸ್ಟೀಲು. ಭಾಯ್ ಕೊಟ್ಟದ್ದರ ಮೇಲೆ ಬಿಟ್ಟೆ. ಕೆಂಪು ಬರಲಿಲ್ಲ. ಮ್ಯಾನೇಜರು ನನಗೆ ಏನೂ ಅನ್ನಲಿಲ್ಲ, ವಯಸ್ಸಿಗೆ ಮರ್ಯಾದೆ. ತಿರುಗಿದ್ದು ಅವಳ ಕಡೆ: "ಬೀದೀಲಿ ಯಾರೋ ಮುದುಕ ಹೇಳಿದ ಅಂತ ಮಾಲು ವಾಪಸ್ ಮಾಡ್ತೀಯಾ? ತಲೆ ಮೇಲಿನ ಗುರುತು ಓದೋಕ್ ಬರಲ್ವಾ?" ಎಲ್ಲರ ಮುಂದೆ.

ಬಿಚ್ಚಲು ಹೋದರೆ ನಟ್ಟುಗಳು ಅಲ್ಲಾಡಲಿಲ್ಲ. ಪೇಸ್ಟಿಲ್ಲದೆ ನಟ್ಟು ತಿರುಗಿಸುವ ಗನ್ನಿನಲ್ಲಿ ಬಿರಬಿರನೆ ಬಿಗಿದಿದ್ದರು, ಕಚ್ಚಿಕೊಂಡಿದ್ದವು. ಪೇಸ್ಟಿನ ವಿಷಯ ಅವಳಿಗೆ ಹೇಳಬೇಕಾಗಿದ್ದವನು ನಾನು. ಒಂದೊಂದನ್ನೂ ಕಟರ್ ಹಿಡಿದು ಅವಳೇ ಕತ್ತರಿಸಿದಳು, ಕಿಡಿ ಹಾರುತ್ತಿತ್ತು. ಹೊಸದಕ್ಕೆ ಪೇಸ್ಟ್ ಹಚ್ಚಿಕೊಡುತ್ತ ನಾನು ಪಕ್ಕದಲ್ಲಿ ಕೂತೆ. ಅವತ್ತಿನ ಉಪ್ಪಿನಕಾಯಿ ಕೆಲಸ ಕೆಟ್ಟಿತು.

ಎಲ್ಲ ಮುಗಿದ ಮೇಲೆ ಅವಳು ಜೇಬಿನಿಂದ ಮ್ಯಾಗ್ನೆಟ್ ತೆಗೆದು ನನ್ನ ಕೈಗಿಟ್ಟು, "ಮುಂದಿನ ಸಲ ಇದನ್ನ ಮನೇಲಿಟ್ಟು ಬನ್ನಿ ಅಂಕಲ್" ಎಂದು ನಕ್ಕಳು.

ಭಾಯ್ ಅಂಗಡಿ ಮುಚ್ಚದೆ ಕಾಯುತ್ತಿದ್ದ. ಮೊದಲು ಕೇಳಿದ್ದೇ, "ಹುಡುಗಿಗೆ ಬೈದ್ರಾ?"

"ಇಲ್ಲ ಕಣೋ. ನಕ್ಬಿಟ್ಲು."

ಅವನ ಮುಖ ಸಡಿಲವಾಯಿತು. "ಅಲ್ಲಾನ ದಯೆ" ಎಂದು ಟೀ ತರಿಸಿದ. ಈಗಲೂ ಆ ಫ್ಯಾಕ್ಟರಿಗೆ ಬೋಲ್ಟು ನಮ್ಮಲ್ಲಿಂದಲೇ ಹೋಗುತ್ತದೆ, ಡ್ರೈವರ್ ಬಂದು ಒಯ್ಯುತ್ತಾನೆ. "ಆ ಹುಡುಗಿ ಯಾಕ್ ಬರಲ್ಲ ಯಾರ್? ಬಂದ್ರೆ ಒಂದು ಟೀ ಕುಡಿಸ್ತಿದ್ದೆ" ಎಂದು ಭಾಯ್ ಆಗಾಗ ಕೇಳುತ್ತಾನೆ. ಡ್ರೈವರನ್ನು ನಾನು ಮರೆಯಲ್ಲಿ ವಿಚಾರಿಸಿದ್ದೇನೆ. ಅವಳನ್ನು ಪರ್ಮನೆಂಟ್ ಮಾಡಲಿಲ್ಲವಂತೆ, ಬಿಟ್ಟು ಹೋದಳಂತೆ.

"ಬಿಝಿ ಇರ್ತಾಳೆ ಬಿಡೋ" ಎನ್ನುತ್ತೇನೆ.

ಸುಳ್ಳು ಹಿಡಿದಿರಾ? ಬೆರಳಲ್ಲೇ ಬೋಲ್ಟು ಅಳೆಯುವುದು ನಿಜ. ಬನ್ನಿ, ಕಾಫಿ ಪಂದ್ಯ. ಬೋಲ್ಟು ಕೆಂಪಗಾದದ್ದೂ ನಿಜ. ಅವಳು ನಗಲಿಲ್ಲ. ಮನೇಲಿಟ್ಟು ಬನ್ನಿ ಅಂತಲೂ ಅನ್ನಲಿಲ್ಲ. ದಾರವನ್ನು ಮ್ಯಾಗ್ನೆಟ್ಟಿಗೆ ನೀಟಾಗಿ ಸುತ್ತಿ, ನನ್ನ ಅಂಗೈಯಲ್ಲಿಟ್ಟು, ಕೈ ತೊಳೆಯಲು ಹೋದಳು.