ದೇವರ ಪೆಟ್ಟಿಗೆಯಲ್ಲಿ ಮಲಾಡಿನ ಮನೆ

ನನ್ನ ಸೋದರಮಾವ ಆಯುಷ್ಯದಲ್ಲಿ ಒಂದೇ ಒಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿದವರು. ಯಾರದೋ ಸೈಕಲ್ ಕಳವಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಬೇಕಿತ್ತು. ಅವರ ಸರದಿ ಬರಲೇ ಇಲ್ಲ. ವರಾಂಡದ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಎದ್ದು ಬಂದರು. ಅಷ್ಟಕ್ಕೇ ಅವರೊಳಗೆ ಒಬ್ಬ ವಕೀಲ ಹುಟ್ಟಿಬಿಟ್ಟ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಮ್ಮ ಊರ ಕಡೆಯವರೆಲ್ಲ ಚಾಳಿನ ಒಂಟಿ ಕೋಣೆಯ ಖೋಲಿ ಬಿಟ್ಟು ಮಲಾಡ್, ಬೊರಿವಲಿ ಎಂದು ಉಪನಗರಗಳಲ್ಲಿ ಫ್ಲ್ಯಾಟು ಹುಡುಕುತ್ತಿದ್ದ ಕಾಲ. ಮಾಟುಂಗದಲ್ಲಿ ನನ್ನ ಅಪ್ಪ ಅಡುಗೆಭಟ್ಟರಾಗಿದ್ದ ಹೋಟೆಲಿನ ಮೂಲೆಯ ಮೇಜೇ ಭಾನುವಾರಗಳಂದು ಮಾವನ ಕಚೇರಿ. ಪಗಡಿಯೆಂದು ಇಡಿಗಂಟು ಕೊಟ್ಟು ಬಾಡಿಗೆಗೆ ಹಿಡಿದ ಖೋಲಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದೇ, ಬಾಡಿಗೆ ರಸೀದಿ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಏನು ಗತಿ, ಫ್ಲ್ಯಾಟಿನ ಕಾಗದದಲ್ಲಿ ಹೆಂಡತಿಯ ಹೆಸರು ಹಾಕಿಸಬೇಕೇ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುವರು. ಯಾವ ಪ್ರಶ್ನೆಗೂ ‘ನನಗೆ ಗೊತ್ತಿಲ್ಲ’ ಎಂಬ ಉತ್ತರ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಗೊತ್ತಿಲ್ಲದಷ್ಟೂ ಅವರ ಧ್ವನಿ ಗಟ್ಟಿಯಾಗುತ್ತಿತ್ತು.

ನಮ್ಮ ಸರದಿ ಬಂದದ್ದು ಅಮ್ಮನ ಹಟದಿಂದ. ಇಪ್ಪತ್ತೆರಡು ವರ್ಷ ಚಾಳಿನ ಸಾರ್ವಜನಿಕ ನಳದ ಮುಂದೆ ಬಿಂದಿಗೆ ಸಾಲಿಗಿಟ್ಟವಳು ಅವಳು. ತನ್ನದೇ ಅಡುಗೆಮನೆ, ಅದರೊಳಗೆ ತನ್ನದೇ ಒಂದು ನಳ, ಇಷ್ಟೇ ಅವಳು ಬೇಡಿದ್ದು. ಮಲಾಡಿನಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಎರಡನೇ ಮಹಡಿಯ ಮನೆ ಒಪ್ಪಿಗೆಯಾಯಿತು. ಮಾವ ಪಂಚಾಂಗ ನೋಡಿ ರಾಹುಕಾಲ ತಪ್ಪಿಸಿ ಜ್ಯೇಷ್ಠ ಮಾಸದ ಒಂದು ಶುಕ್ರವಾರ ಗೊತ್ತುಮಾಡಿದರು. ಸ್ಟ್ಯಾಂಪ್ ಪೇಪರಿನ ಕರಾರಿಗೆ ಬಿಲ್ಡರ್ ಸಹಿ ಹಾಕಿದ, ಅಪ್ಪ ಸಹಿ ಹಾಕಿದರು. ಅಮ್ಮ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ನಾಲ್ಕೂ ಮೂಲೆಗೆ ಅರಸಿನ ಕುಂಕುಮ ಹಚ್ಚಿ, ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮದ ಪಕ್ಕ ಇಟ್ಟಳು. ಅಲ್ಲಿಂದಾಚೆ ಪ್ರತಿ ಶುಕ್ರವಾರ ಅದಕ್ಕೂ ಒಂದು ಆರತಿ.

ನಾನಾಗ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ಕಾಗದವನ್ನು ರಿಜಿಸ್ಟರ್ ಮಾಡಿಸಬೇಕಲ್ಲವೇ ಎಂದು ಒಮ್ಮೆ ಕೇಳಿದೆ.

“ನೀನು ಟೈಪ್ ಹೊಡಿ ಮಗಳೇ, ಕಾನೂನು ನನಗೆ ಬಿಡು,” ಎಂದರು ಮಾವ. “ಸ್ಟ್ಯಾಂಪ್ ಪೇಪರಿನ ತಲೆಯ ಮೇಲೆ ಮೂರು ಸಿಂಹ ಕೂತದ್ದು ಎಂತಕ್ಕೆ? ಸರಕಾರವೇ ಸಾಕ್ಷಿ ಅಂತ. ಮತ್ತೆ ಆಫೀಸಿಗೆ ಹೋಗಿ ಇನ್ನೆಂತ ಹೇಳಲಿಕ್ಕೆ ಉಂಟು?”

ಆದರೂ ಒಂದು ದಿನ ನೋಡೋಣ ಎಂದು ಅಪ್ಪನೇ ಹೇಳಿದ್ದರಿಂದ ಪಂಚಾಂಗ ಮತ್ತೆ ಹೊರಗೆ ಬಂತು. ಮೊದಲು ಆಟಿ ತಿಂಗಳು ಅಡ್ಡ ಬಂತು. ಆಟಿಯಲ್ಲಿ ಊರ ಕಡೆಯವರು ಹೊಸ ಕೆಲಸಕ್ಕೆ ಕೈ ಹಾಕುವುದುಂಟೇ? ಅದಾದ ಮೇಲೆ ಹಬ್ಬಗಳ ಸಾಲು, ಆಮೇಲೆ ಪಿತೃಪಕ್ಷ. ಸರಕಾರಿ ಕಚೇರಿಯ ಗುಮಾಸ್ತ ಒಂದು ಠಸ್ಸೆ ಒತ್ತುವುದಕ್ಕೆ ನಮ್ಮ ಸತ್ತ ಹಿರಿಯರೆಲ್ಲ ಕಾಗೆಯ ರೂಪದಲ್ಲಿ ಬಂದು ಅಡ್ಡಿ ಮಾಡುವರೆಂದು ನಂಬಿದ ವಿದ್ಯಾವಂತರು ನಾವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದಿನವಿಡೀ ಕಾಗದಪತ್ರಗಳ ನಡುವೆಯೇ ಇದ್ದ ನಾನೂ ಎರಡನೇ ಸಲ ಬಾಯಿ ತೆರೆಯಲಿಲ್ಲ.

ದೀಪಾವಳಿ ಕಳೆದ ವಾರ ಅಮ್ಮ ಮನೆ ಎಷ್ಟು ಎದ್ದಿದೆ ನೋಡಿ ಬರುತ್ತೇನೆಂದು ಲೋಕಲ್ ಹತ್ತಿ ಮಲಾಡಿಗೆ ಹೋದಳು. ಅವಳ ಅಡುಗೆಮನೆಯಲ್ಲಿ ಬೇರೊಬ್ಬ ಹೆಂಗಸು ನಿಂತು ಕಪಾಟು ಎಲ್ಲಿ ಬರಬೇಕೆಂದು ಮೊಳ ಹಾಕಿ ಅಳೆಯುತ್ತಿದ್ದಳಂತೆ. ಮನೆ ತೋರಿಸುತ್ತಿದ್ದವನು ಬಿಲ್ಡರನ ಗುಮಾಸ್ತ. ಅಮ್ಮನನ್ನು ಕಂಡದ್ದೇ ಆ ಹೆಂಗಸನ್ನು ಮೂರನೇ ಮಹಡಿಗೆ ಹತ್ತಿಸಿಕೊಂಡು ಹೋದ. ಅಮ್ಮ ಜಗಳವಾಡಲಿಲ್ಲ. ಮನೆಗೆ ಬಂದು ದೇವರ ಪೆಟ್ಟಿಗೆ ತೆರೆದು ಕಾಗದವನ್ನು ನನ್ನ ಕೈಗೆ ಕೊಟ್ಟು, “ಇದು ನಮ್ಮ ಮನೆಯಾ ಅಲ್ಲವಾ ಅಂತ ತಿಳಿದವರ ಹತ್ತಿರ ಕೇಳಿಕೊಂಡು ಬಾ,” ಎಂದಳು. ತಿಳಿದವರು ಎಂದರೆ ತನ್ನ ಅಣ್ಣನಲ್ಲ ಎಂದು ಅವಳು ಒಪ್ಪಿದ್ದು ಅದೇ ಮೊದಲು.

ನಮ್ಮ ಆಫೀಸಿನ ಹೆಡ್‌ಕ್ಲಾರ್ಕ್ ಒಬ್ಬ ಪಾರ್ಸಿ ಮುದುಕರು. ಕಾಗದದ ಮೂಲೆಗಳನ್ನು ಮೂಸಿ ನೋಡಿ, ಇದನ್ನು ಉಪ್ಪಿನಕಾಯಿ ಹಾಕಿದ್ದೀರಾ ಎಂದು ಕೇಳಿದರು. ನನ್ನಿಂದ ಪೂಜೆಯ ಕತೆ ಕೇಳಿದ ಮೇಲೆ ನಿಧಾನವಾಗಿ ವಿವರಿಸಿದರು. ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಕಾಗದವನ್ನು ರಿಜಿಸ್ಟ್ರಾರ್ ಕಚೇರಿಗೆ ಒಪ್ಪಿಸಬೇಕು. ಅದು ಮೀರಿದರೆ ತಡವಾದದ್ದಕ್ಕೆ ಕಾರಣ ಬರೆದುಕೊಟ್ಟು, ದಂಡ ಕಟ್ಟಿ ಇನ್ನು ನಾಲ್ಕು ತಿಂಗಳು. ಅದೂ ಮೀರಿದರೆ ಆರತಿ ಎತ್ತುತ್ತಾ ಇರಿ. ಅಷ್ಟರೊಳಗೆ ಬಿಲ್ಡರನೂ ಬಂದು ಅಧಿಕಾರಿಯ ಎದುರು ಸಹಿ ತನ್ನದೇ ಎಂದು ಒಪ್ಪಬೇಕು. ಅವನು ಇನ್ನೊಬ್ಬರಿಗೆ ಬರೆದುಕೊಟ್ಟು ಅವರದು ಮೊದಲು ರಿಜಿಸ್ಟರ್ ಆದರೆ ನಿಮ್ಮ ಪಾಲಿಗೆ ಕೋರ್ಟೇ ಗತಿ ಎಂದರು.

ಸಹಿಯಾಗಿ ಐದೂವರೆ ತಿಂಗಳಾಗಿತ್ತು. ಬಿಲ್ಡರ್ ‘ನಾಳೆ’ ಎಂದ, ‘ಬರುವ ವಾರ’ ಎಂದ. ಅವನ ಆಫೀಸಿಗೆ ಅಲೆದಲೆದು ಅಪ್ಪನ ಚಪ್ಪಲಿ ಸವೆಯಿತು. ಮಾವ ಏನೆಂದರು ಗೊತ್ತೇ? ಹೇಗೂ ತಡವಾಗಿದೆ, ಧನುರ್ಮಾಸ ಒಂದು ಕಳೆಯಲಿ ಎಂದರು.

“ಕಳೆಯಲಿ ಅಣ್ಣ,” ಎಂದಳು ಅಮ್ಮ. “ಮನೆ ಕಳೆದ ಮೇಲೆ ಒಳ್ಳೆಯ ಮುಹೂರ್ತ ನೋಡಿ ಅಳಲಿಕ್ಕೆ ಕೂತುಕೊಳ್ಳುವ.”

ದಂಡ ಕಟ್ಟುವ ಅವಧಿಯೂ ಮುಗಿಯಲು ಎರಡೇ ವಾರ ಉಳಿದಿದ್ದಾಗ ಅಪ್ಪನಿಗೆ ಹೊಳೆದದ್ದು ನಮ್ಮ ಯಾವ ವಕೀಲರಿಗೂ ಹೊಳೆಯದ ಉಪಾಯ. ಬಿಲ್ಡರ್ ಭಾನುವಾರ ಬೆಳಗ್ಗೆ ತಪ್ಪದೆ ಅಪ್ಪ ಅಡುಗೆ ಮಾಡುತ್ತಿದ್ದ ಹೋಟೆಲಿಗೇ ರಸವಡೆ ತಿನ್ನಲು ಬರುತ್ತಿದ್ದ. ಅಪ್ಪನ ಕೈಯ ರುಚಿಯನ್ನು ಹೊಗಳುತ್ತಲೇ ಅಪ್ಪನ ಮನೆಯನ್ನು ಬೇರೆಯವರಿಗೆ ತೋರಿಸುತ್ತಿದ್ದ ಮಹಾನುಭಾವ! ಆ ಭಾನುವಾರ ಅಪ್ಪ ನನ್ನನ್ನೂ ಕಾಗದವನ್ನೂ ಬರಹೇಳಿದರು. ಅಷ್ಟು ವರ್ಷಗಳಲ್ಲಿ ಗಿರಾಕಿಗಳಿರುವಾಗ ಅಡುಗೆಮನೆಯ ಬಾಗಿಲು ದಾಟದಿದ್ದ ಮನುಷ್ಯ ಹೆಗಲ ಮೇಲೆ ಮಸಿಬಟ್ಟೆ ಹಾಕಿಕೊಂಡು ಬಂದು ಅವನ ಮೇಜಿನ ಮುಂದೆ ನಿಂತರು. ತಮ್ಮ ಹರಕುಮುರುಕು ಹಿಂದಿಯಲ್ಲಿ ಹೇಳಿದ್ದು ಇಷ್ಟು:

“ಸೇಠ್, ನಾಳೆ ರಿಜಿಸ್ಟ್ರಾರ್ ಕಚೇರಿಗೆ ಬರುತ್ತೀರಾ? ಇಲ್ಲವಾದರೆ ಈ ಕಾಗದವನ್ನು ನನ್ನ ಮಗಳು ಇಲ್ಲೇ ಗಟ್ಟಿಯಾಗಿ ಓದಿ, ಆ ಮನೆಯನ್ನೇ ನೀವು ಬೇರೆಯವರಿಗೆ ತೋರಿಸಿದ್ದನ್ನೂ ಹೇಳುತ್ತಾಳೆ. ನಿಮ್ಮ ಬಿಲ್ಡಿಂಗಿನಲ್ಲಿ ಮನೆ ಹಿಡಿದವರು ನಾಲ್ಕು ಜನ ಇಲ್ಲೇ ತಿಂಡಿ ತಿನ್ನುತ್ತಿದ್ದಾರೆ.”

ಸುತ್ತಲಿನ ಮೇಜುಗಳಿಂದ ನಾಲ್ಕು ತಲೆಗಳು ಇತ್ತ ತಿರುಗಿದವು. ಬಿಲ್ಡರ್ ಬಾಯಿಗಿಟ್ಟ ವಡೆಯನ್ನು ಕಷ್ಟಪಟ್ಟು ನುಂಗಿ, ನಾಳೆ ಹನ್ನೊಂದಕ್ಕೆ ಬರುತ್ತೇನೆ ಎಂದ. ಮೂಲೆಯ ಮೇಜಿನಲ್ಲಿದ್ದ ಮಾವ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು.

ತಡವಾದದ್ದಕ್ಕೆ ಅರ್ಜಿ ಅಂದು ಸಂಜೆಯೇ ಬರೆಯಬೇಕಿತ್ತು. ಮಾವ ‘ಯಜಮಾನರ ಕಾಯಿಲೆ’ ಎಂದು ಕಾರಣ ಹೇಳಿಕೊಟ್ಟರು. ಗುಂಡುಕಲ್ಲಿನ ಹಾಗಿರುವ ಗಂಡನಿಗೆ ಕಾಗದದ ಮೇಲೂ ಕಾಯಿಲೆ ಬರಿಸುವುದಿಲ್ಲ ಎಂದಳು ಅಮ್ಮ. ಹಾಗಾಗಿ ತಿಳಿವಳಿಕೆ ಸಾಲದೆ ದೇವರ ಮುಂದಿಟ್ಟು ಪೂಜಿಸುತ್ತಿದ್ದೆವು ಎಂಬ ನಿಜವನ್ನೇ ಬರೆದು, ಮರುದಿನ ಬೇಗ ಆಫೀಸಿಗೆ ಹೋಗಿ ಟೈಪ್ ಮಾಡಿಕೊಂಡೆ.

ಬಿಲ್ಡರ್ ಹೇಳಿದ ಹೊತ್ತಿಗೆ ಬಂದ. ಮರಾಠಿ ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿದರು. ಕುಂಕುಮ ಮೆತ್ತಿದ ಮೂಲೆಗಳನ್ನೂ ನೋಡಿದರು. ನಿಮ್ಮ ದೇವರು ಕಾಗದ ತೆಗೆದುಕೊಂಡು ರಸೀದಿ ಕೊಟ್ಟಿದ್ದನೇ ಎಂದು ಅಪ್ಪನನ್ನು ಕೇಳಿದರು. ರಸೀದಿ ನಾನು ಕೊಡುತ್ತೇನೆ ಎಂದು ಆ ಅಧಿಕಾರಿಯೇ ಅರ್ಜಿಯನ್ನೂ ಕಾಗದವನ್ನೂ ತೆಗೆದುಕೊಂಡರು. ಬಿಲ್ಡರ್ ಸಹಿ ಒಪ್ಪಿದ. ಕೆಲವು ವಾರಗಳ ಮೇಲೆ ದಂಡ ಕಟ್ಟಿಸಿಕೊಂಡು ನೋಂದಣಿ ಮಾಡಿದರು. ಕಾಗದ ವಾಪಸು ಬರಲು ಮತ್ತೆ ತಿಂಗಳುಗಟ್ಟಲೆ ಕಾಯಬೇಕಾಯಿತು. ನೋಂದಣಿಯ ದುಂಡು ಮೊಹರು ಸರಿಯಾಗಿ ಅಮ್ಮನ ಕುಂಕುಮದ ಮೇಲೇ ಬಿದ್ದಿತ್ತು.

ಗೃಹಪ್ರವೇಶದ ದಿನ ಮಾವ ಆ ಮೊಹರನ್ನು ಬಂದವರಿಗೆಲ್ಲ ತೋರಿಸಿದರು. ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದಲೇ ಕಾಗದ ಗೆದ್ದು ಬಂತೆಂದು ಅವರ ವ್ಯಾಖ್ಯಾನ. ಇಬ್ಬರು ತಲೆದೂಗಿದರು. ಒಬ್ಬರಂತೂ ತಮ್ಮ ಕಾಗದಕ್ಕೂ ಒಂದು ದಿನ ನೋಡಿಕೊಡಿ ಎಂದು ಕೇಳಿಯೇಬಿಟ್ಟರು.

ಅಮ್ಮ ಅಡುಗೆಮನೆಯಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ನಳ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮಾವನ ಕೈಯಿಂದ ಕಾಗದ ತೆಗೆದುಕೊಂಡು ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ದಿನ ಕೇಳಿದವರ ಕಡೆ ತಿರುಗಿ, “ಸೋಮವಾರ ಹೋಗಿ,” ಎಂದಳು. “ಕಚೇರಿ ಹತ್ತೂವರೆಗೆ ತೆರೆಯುತ್ತದೆ.”