ಮೂರು ಸಲ ಸೇವ್ ಒತ್ತಿದ ದಿನ

ಎರಡು ಸಾವಿರದ ಮೂರರ ಸುಮಾರಿಗೆ ನಾನು ಕುಕ್ಕುಂದೂರಿನಿಂದ ಮಣಿಪಾಲದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲಸ ಜಾವಾದಲ್ಲಿ. ಕೋಡಿನ ಒಂದು ಸಾಲು ತಿದ್ದಿದರೂ ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು. ನನಗೆ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ನಮ್ಮ ಟೀಮ್ ಲೀಡರ್ ಹಿಂದೆ ಬಂದು ನಿಲ್ಲುತ್ತಿದ್ದರು.

"ಎಂತ ಮಾರಾಯ್ತಿ, ಕಂಪ್ಯೂಟರಿಗೆ ದೃಷ್ಟಿ ತೆಗೀತಿದ್ದೀಯಾ?"

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಂತೆ ಮಾಡುತ್ತಿದ್ದೆ.

ಊಟದ ಬಿಡುವಿನಲ್ಲಿ ಸರ್ವರಿನ ಕೈಪಿಡಿ ಓದತೊಡಗಿದೆ. ಎರಡು ವಾರದಲ್ಲಿ ದಾರಿ ಸಿಕ್ಕಿತು. ಫೈಲ್ ಸೇವ್ ಮಾಡಿದರೆ ಸಾಕು, ಸರ್ವರ್ ನಿಲ್ಲದೆಯೇ ಹೊಸ ಕೋಡನ್ನು ತಾನಾಗಿ ಎತ್ತಿಕೊಳ್ಳುತ್ತಿತ್ತು. ಹತ್ತು ಸೆಕೆಂಡಿನ ಕೆಲಸ. ಲೀಡರಿಗೆ ತೋರಿಸಿದೆ. "ಒಂದು ತೊಂದರೆ ಉಂಟು ಸರ್, ಪ್ರತಿ ಸಲವೂ ಲಾಗಿನ್ ಆದವರು..." ಎನ್ನುವಷ್ಟರಲ್ಲಿ "ಆಯ್ತು, ಆಯ್ತು" ಎಂದು ಎದ್ದು ಹೋದರು.

ಮರುವಾರದ ಮೀಟಿಂಗಿನಲ್ಲಿ ಅವರು ಕಂಪನಿಯ ಯಜಮಾನರಿಗೆ, "ನಾನೊಂದು ವ್ಯವಸ್ಥೆ ಮಾಡಿದ್ದೇನೆ" ಎಂದು ಅದನ್ನೇ ವಿವರಿಸಿದರು. ಯಜಮಾನರು ಅವರ ಕೈಕುಲುಕಿದರು. ಎದುರಿಗೇ ಕೂತಿದ್ದ ನನ್ನ ಕಡೆ ಲೀಡರ್ ತಿರುಗಿಯೂ ನೋಡಲಿಲ್ಲ. ಆ ತೊಂದರೆ ಏನೆಂದು ಮತ್ತೆ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ತಿಂಗಳ ನಂತರ ಕಾಪುವಿನಿಂದ ಮೀನು ರಫ್ತು ಮಾಡುವ ಹಿರಿಯರೊಬ್ಬರು ತಮಗಾಗಿ ನಾವು ಮಾಡುತ್ತಿದ್ದ ಅಪ್ಲಿಕೇಶನ್ ನೋಡಲು ಬಂದರು. ಲೀಡರ್ ಗಾಜಿನ ಕೋಣೆಯಲ್ಲಿ ಯಜಮಾನರ ಪಕ್ಕ ಕೂತು ನನ್ನ ಕಂಪ್ಯೂಟರಿನಲ್ಲಿದ್ದ ಸರ್ವರಿನಿಂದಲೇ ತೋರಿಸತೊಡಗಿದರು. ನಾನು ಹೊರಗೆ ನನ್ನ ಜಾಗದಲ್ಲಿ ಕೂತು ಒಂದು ಫೈಲಿಗೆ ಖಾಲಿ ಸಾಲು ಸೇರಿಸಿ ಸೇವ್ ಒತ್ತಿದೆ. ಸರ್ವರ್ ಹೊಸ ಕೋಡನ್ನು ಎತ್ತಿಕೊಂಡಿತು, ಲಾಗಿನ್ ಆದವರನ್ನು ಹೊರಹಾಕಿತು; ಒಳಗಿನ ಪರದೆಯಲ್ಲಿ ಮತ್ತೆ ಲಾಗಿನ್ ಪುಟ ಬಂತು. ಲೀಡರ್ ನಕ್ಕು ಮತ್ತೆ ಪಾಸ್‌ವರ್ಡ್ ಹೊಡೆದರು. ಉದ್ದದ ಫಾರ್ಮ್ ಪೂರ್ತಿ ತುಂಬುವ ತನಕ ಕಾದೆ. ಮತ್ತೆ ಸೇವ್. ಈ ಸಲ ನಗಲಿಲ್ಲ. ಆಮೇಲೆ ಹಿರಿಯರೇ ಕೂತು ಒಂದೇ ಬೆರಳಿನಲ್ಲಿ ಟೈಪ್ ಮಾಡತೊಡಗಿದರು. ನನ್ನ ಕೈ ಒಂದು ಕ್ಷಣ ಹಿಂಜರಿಯಿತು. ಆದರೂ ಒತ್ತಿದೆ.

ಯಜಮಾನರು ನನ್ನನ್ನು ಒಳಗೆ ಕರೆದರು. "ಇದು ಎಂತಕ್ಕೆ ಹೀಗಾಗ್ತದೆ?"

"ಸರ್‌ಗೆ ಗೊತ್ತಿರ್ತದೆ. ಅವರೇ ಮಾಡಿದ ವ್ಯವಸ್ಥೆ ಅಲ್ವಾ?"

ಲೀಡರ್ ಸೆಟ್ಟಿಂಗ್ ಫೈಲನ್ನು ಮೇಲೆ ಕೆಳಗೆ ಓಡಿಸಿದರು. ಯಾವ ಸಾಲು ಎಂದು ಗೊತ್ತಾಗಲಿಲ್ಲ. ಬೆವರು ಅವರ ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುವುದನ್ನು ನಾನು ಮನಸಾರೆ ನೋಡಿದೆ. ಆಮೇಲೆ ಬಗ್ಗಿ, ಸರ್ವರ್ ತಾನಾಗಿ ಕೋಡ್ ಎತ್ತಿಕೊಳ್ಳದಂತೆ ಒಂದು ಪದ ಬದಲಿಸಿದೆ. ಯಜಮಾನರು ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ.

ಹೊರಡುವಾಗ ಹಿರಿಯರು, "ನಾನೇ ಎಂತದೋ ತಪ್ಪು ಒತ್ತಿದ್ದು ಕಾಣ್ತದೆ" ಎಂದರು. "ನಿಮ್ಮ ತಪ್ಪಲ್ಲ" ಎಂದಷ್ಟೇ ಹೇಳಿದೆ. ಅದೊಂದು ಈಗಲೂ ಚುಚ್ಚುತ್ತದೆ.

ಕೆಲವು ದಿನ ಕಳೆದು ಲೀಡರ್ ಮೆಲ್ಲನೆ ಕೇಳಿದರು: "ಅವತ್ತು ನೀನು ಎಂತಾದ್ರೂ ಮಾಡಿದ್ಯಾ?"

"ಹೌದು ಸರ್. ಮೂರು ಸಲ."

ಅವರು ಯಾರಿಗೂ ದೂರು ಹೇಳಲಿಲ್ಲ. ದೂರು ಹೇಳಬೇಕಾದರೆ ಆ ವ್ಯವಸ್ಥೆ ನನ್ನ ಕೆಲಸವೆಂದು ಮೊದಲು ಒಪ್ಪಿಕೊಳ್ಳಬೇಕಿತ್ತು.